ನೀರಿಲ್ಲದ ಜೆಟ್ಟಿ

ಕಡಲೇ ಇಲ್ಲದ ಜೆಟ್ಟಿಯ ತುದಿಯಲ್ಲಿ ನಿಂತು ಒಬ್ಬ ಗಂಡಸು ದೋಣಿಗೆ ಕಾಯುತ್ತಿದ್ದ. ಫಳಫಳ ಹೊಳೆಯುವ ಬೂಟು, ಕುತ್ತಿಗೆಗೆ ನೀಲಿ ಮಫ್ಲರ್, ಮುಖದಲ್ಲಿ ರಾಜಧಾನಿಯ ಗತ್ತು. ಅವನ ಕಾಲ ಕೆಳಗೆ, ನೀರಿರಬೇಕಾದ ಕಡೆ, ಒಂದು ಒಂಟೆ ಆರಾಮಾಗಿ ಮುಳ್ಳುಗಿಡ ಮೇಯುತ್ತಿತ್ತು.

ಅವನನ್ನು ಕರೆದೊಯ್ಯಲು ಬಂದ ಕುರಲಾಯ್‌ಗೆ ನಗು ತಡೆಯಲಾಗಲಿಲ್ಲ. "ಅಸ್ತಾನಾದಿಂದ ಬಂದ ಸಾಕೆನ್ ನೀವೇನಾ? ಅಲ್ಲಿ ಎಷ್ಟು ಹೊತ್ತು ನಿಂತ್ರೂ ದೋಣಿ ಬರಲ್ಲ. ಬೇಕಾದ್ರೆ ಆ ಒಂಟೆ ಬರುತ್ತೆ."

"ಜೆಟ್ಟಿ ಹತ್ರ ಬನ್ನಿ ಅಂದಿದ್ದು ನೀವೇ ಅಲ್ವಾ?"

"ಕ್ಯಾಸ್ಪಿಯನ್ ಕಡಲು ಹಿಂದೆ ಸರಿದ ಹಾಗೆ ನಾವೂ ಜೆಟ್ಟಿನ ಅದರ ಹಿಂದೆ ಹಿಂದೆ ಒಯ್ತೀವಿ. ಈ ವರ್ಷದ್ದು ಆ ಕಡೆ ಇದೆ, ದೂರದಲ್ಲಿ. ನಡೀತೀರಾ, ಒಂಟೆ ಹತ್ತುತೀರಾ?"

ಅವನು ತನ್ನ ಬೂಟು ನೋಡಿಕೊಂಡ, ಅವಳನ್ನು ನೋಡಿದ, ಜೋರಾಗಿ ನಕ್ಕುಬಿಟ್ಟ. ನಗುವಾಗ ಅವನ ಎಡಗಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಕುರಲಾಯ್‌ಗೆ ತನ್ನ ಮೇಲೇ ಸಿಟ್ಟು ಬಂತು.

ಸಿಟ್ಟಿಗೆ ಕಾರಣವೂ ಇತ್ತು. ಕಡಲಿನ ಯಾವ ಯಾವ ಸಂಶೋಧನೆಗೆ ಮುಂದಿನ ವರ್ಷಗಳಲ್ಲಿ ಸರ್ಕಾರ ಹಣ ಕೊಡಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಇವನೂ ಒಬ್ಬ. ಕಡಲಿನ ಆಳ ಅಳೆಯುವ ಅವಳ ಕೆಲಸ ಆ ಪಟ್ಟಿಯಿಂದ ಬಿಟ್ಟುಹೋದರೆ ದೋಣಿ ಮಾರಾಟವಾಗುತ್ತದೆ, ಅವಳು ಕಟ್ಟಿ ಬೆಳೆಸಿದ ಪುಟ್ಟ ಕೇಂದ್ರಕ್ಕೆ ಬೀಗ ಬೀಳುತ್ತದೆ. ಅವಳಿಗೆ ಅಲ್ಮಾಟಿಯ ಯಾವುದೋ ಆಫೀಸಿನಲ್ಲಿ ಮೇಜು ಕುರ್ಚಿ. ಹಾಗಂತ ಅವಳೇನು ಕೈಮುಗಿದು ಬೇಡುವವಳಲ್ಲ. ಸೀದಾ ದೋಣಿ ಹತ್ತಿಸಿದಳು.

"ಉಪಗ್ರಹ ಇದೆಯಲ್ಲ, ದೋಣಿ ಯಾಕೆ?" ಎಂದ ಸಾಕೆನ್.

"ನೀರು ಎಲ್ಲಿದೆ ಅಂತ ಉಪಗ್ರಹ ಹೇಳುತ್ತೆ. ಈ ಕೆಸರು ನೀರಿನ ಕೆಳಗೆ ಎಷ್ಟು ಆಳ ಉಳಿದಿದೆ ಅಂತ ಸರಿಯಾಗಿ ಹೇಳಲ್ಲ. ಹಡಗು ನೆಲಕ್ಕೆ ಕಚ್ಚಿಕೊಳ್ಳೋದು, ಸೀಲ್‌ಗಳು ಮರಿ ಹಾಕೋಕೆ ಜಾಗ ಸಿಗದೆ ಅಲೆಯೋದು, ಎಲ್ಲಾ ಆ ಆಳದ್ದೇ ಕಥೆ. ಕೈ ಕೊಡಿ."

ಅಳತೆಯ ಹಗ್ಗವನ್ನು ಅವನ ಕೈಗಿತ್ತಳು. ಹಗ್ಗ ಇಳಿಬಿಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬಹಳ ಗಂಭೀರವಾಗಿ ನೀರನ್ನೇ ನೋಡಿದರು.

"ಸುಯುಂಶಿ! ಸುಯುಂಶಿ!" ದೋಣಿಯ ಮೂತಿಯಲ್ಲಿದ್ದ ಮುದುಕ ಬಾಜಾರ್‌ಬಾಯ್ ಕೂಗಿದ. ಒಳ್ಳೇ ಸುದ್ದಿ ತಂದವನು ಹಾಗೆ ಕೂಗಿದರೆ ಸುದ್ದಿಗೆ ಮೊದಲೇ ಉಡುಗೊರೆ ಕೊಡಬೇಕು, ಬರಿಗೈ ತೋರಿಸುವಂತಿಲ್ಲ. ಸಾಕೆನ್ ಹಿಂದೆಮುಂದೆ ನೋಡದೆ ಮಫ್ಲರ್ ಬಿಚ್ಚಿ ಕೊಟ್ಟ. ಮುದುಕ ಅದನ್ನು ಸುತ್ತಿಕೊಂಡಮೇಲೇ ಬೆರಳು ತೋರಿಸಿದ. ದೂರದ ದಿಬ್ಬದ ಮೇಲೆ ಸೀಲ್‌ಗಳ ಹಿಂಡು ಬಿಸಿಲು ಕಾಯುತ್ತಿತ್ತು.

"ಒಳ್ಳೇ ಮನಸ್ಸು ನಿಂದು, ತಮ್ಮಾ," ಎಂದ ಬಾಜಾರ್‌ಬಾಯ್. "ನಿಮ್ಮಮ್ಮನ್ನೂ ಕರ್ಕೊಂಡು ಬರಬೇಕಿತ್ತು. ನಮ್ ಹುಡುಗಿ ಕಿವಿಗೆ ಓಲೆ ಹಾಕಿ ಸಂಬಂಧ ಗಟ್ಟಿ ಮಾಡೋಕೆ ಬಂದ ಹುಡುಗರ ಅಮ್ಮಂದಿರೆಲ್ಲ ಶುಬಾತ್ ಕುಡಿದು ವಾಪಸ್ ಹೋದ್ರು."

"ಬಾಜಾರ್‌ಬಾಯ್ ಅಗಾ, ನಿಮ್ಮನ್ನ ನೀರಿಗೆ ನೂಕ್ತೀನಿ!"

"ನೂಕು ಮಗಳೇ. ಮೊಣಕಾಲುದ್ದ ನೀರು, ಎದ್ದು ನಡ್ಕೊಂಡ್ ಮನೆಗೆ ಹೋಗ್ತೀನಿ."

ಒಂದು ದಿನಕ್ಕೆಂದು ಬಂದವನು ವಾರ ಉಳಿದ. ಒಂಟೆಹಾಲಿನ ಹುಳಿ ಶುಬಾತನ್ನು ಮುಖ ಕಿವುಚದೆ ಕುಡಿಯಲು ಕಲಿತ. ಅವಳು ಲೆಕ್ಕ ಬರೆಯುವಾಗ ಕದ್ದು ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಸಾಕು, ಎಲ್ಲಿಲ್ಲದ ಆಸಕ್ತಿಯಿಂದ ಮೋಡ ನೋಡುತ್ತಿದ್ದ. ಅವನು ಇಷ್ಟವಾಗಿದ್ದಾನೆ ಎಂಬುದು ಕುರಲಾಯ್‌ಗೆ ಗೊತ್ತಾಗಿಹೋಗಿತ್ತು. ಹೊರಡುವಾಗ ಅವನು, "ಮೀಟಿಂಗಲ್ಲಿ ಸಿಗೋಣ," ಎಂದಷ್ಟೇ ಹೇಳಿದ.

ಆ ಮೀಟಿಂಗಿನ ದಿನ ಕಂಪ್ಯೂಟರ್ ಪರದೆಯ ಮೇಲೆ ಸಮಿತಿಯವರೆಲ್ಲರೂ ಇದ್ದರು. ಸಾಕೆನ್‌ನ ಕುರ್ಚಿ ಮಾತ್ರ ಖಾಲಿ.

ಬೇಕಾದಾಗ ಕೈಕೊಟ್ಟು ಹೋದನಲ್ಲ! ಆದರೂ ಕುರಲಾಯ್ ಮಾತು ಶುರುಮಾಡಿದಳು. ಕಡಲು ಎಲ್ಲಿ ಎಷ್ಟು ತಗ್ಗಿದೆ, ಯಾವ ಬಂದರಿಗೆ ಮೊದಲು ಕುತ್ತು ಬರಲಿದೆ, ಯಾಕೆ ಈಗಲೇ ಅಳೆಯಬೇಕು, ಒಂದೊಂದನ್ನೂ ಬಿಡಿಸಿ ಹೇಳಿದಳು. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು. ಸಮಿತಿಯ ಹಿರಿಯ ಹೆಂಗಸೊಬ್ಬರು ಯಾಕೋ ಅವಳನ್ನೇ ನೋಡಿ ಮುಗುಳ್ನಗುತ್ತಿದ್ದರು. ಅದೂ ಅವಳಿಗೆ ಸಹಿಸಲಾಗಲಿಲ್ಲ.

ಮಾರನೇ ದಿನ ದೋಣಿ ತಿರುಗಿ ಬರುವಾಗ ದಡದಲ್ಲಿ ಯಾರೋ ನಿಂತಿದ್ದರು. ಈ ಸಲ ನೀರಿದ್ದ ಕಡೆಗೇ. ಕಾಲಿಗೆ ರಬ್ಬರ್ ಬೂಟು.

"ಸುಯುಂಶಿ!" ಎಂದು ಕೂಗಿದ ಸಾಕೆನ್.

ಕುರಲಾಯ್ ದೋಣಿಯಿಂದ ಜಿಗಿದು ಸೀದಾ ಎದುರಿಗೆ ನಿಂತಳು. "ಕುರ್ಚಿ ಖಾಲಿ ಬಿಟ್ಟು ಓಡಿಹೋದವರಿಗೆ ನಾನು ಏನೂ ಕೊಡಲ್ಲ."

"ಓಡಿಹೋಗಿಲ್ಲ, ಸಮಿತಿ ಬಿಟ್ಟೆ. ಇಂಥ ಕೆಲಸದ ಮೇಲೆ ಅಭಿಪ್ರಾಯ ಹೇಳೋಕೆ ನನಗೆ ಹಕ್ಕಿಲ್ಲ, ಪಕ್ಷಪಾತ ಆಗುತ್ತೆ ಅಂದೆ. ಏನಪ್ಪಾ ಕಾರಣ ಅಂತ ಅಧ್ಯಕ್ಷರು ಎಲ್ಲರೆದುರೇ ಕೇಳಿದ್ರು."

"ನೀವೇನಂದ್ರಿ?"

"ಆ ಕೆಲಸ ಮಾಡೋವ್ರನ್ನ ಪ್ರೀತಿಸ್ತಾ ಇದೀನಿ ಅಂದೆ."

ದೋಣಿಯಲ್ಲಿ ಬಾಜಾರ್‌ಬಾಯ್ ಕೆಮ್ಮಿದ. ಕುರಲಾಯ್‌ಗೆ ಆ ಹಿರಿಯ ಹೆಂಗಸಿನ ಮುಗುಳ್ನಗು ನೆನಪಾಗಿ ಕಿವಿಯೆಲ್ಲ ಬಿಸಿಯಾಯಿತು.

"ಇಡೀ ಸಚಿವಾಲಯಕ್ಕೆ ಹೇಳಿ ಆಮೇಲೆ ನನಗೆ ಹೇಳ್ತಿದೀರಾ?"

"ಮೊದಲೇ ನಿಮಗೆ ಹೇಳಿದ್ರೆ, ನಿಮ್ಮ ದೋಣಿ ನನ್ನ ಕೈಲಿದೆ ಅಂತ ಹೂಂ ಅಂತೀರೇನೋ ಅನ್ನೋ ಭಯ. ಈಗ ನನ್ನ ಕೈಲಿ ಏನೂ ಇಲ್ಲ. ಇದೇ ದಡದ ಅಕ್ತಾವ್ ಆಫೀಸಿಗೆ ವರ್ಗ ಆಗಿದೆ, ನೀವು ಬೇಡ ಅಂದ್ರೂ ಬರ್ತೀನಿ. ಈ ಕಡಲು ನನಗೂ ಹಿಡಿಸಿದೆ. ಈಗ ಸುಯುಂಶಿ ಕೊಡ್ತೀರೋ ಇಲ್ವೋ?"

"ಸುದ್ದಿ ಮೊದಲು."

"ಹಾಗೆ ಎಲ್ಲಾದ್ರೂ ಉಂಟಾ?"

"ಸರಿ, ಕೊಡ್ತೀನಿ. ಹೇಳಿ."

"ನಿಮ್ಮ ಕೆಲಸ ಆಯ್ಕೆ ಆಗಿದೆ. ಎಲ್ಲಕ್ಕಿಂತ ಮೊದಲನೇದಾಗಿ. ಯಾರ ನೆರವೂ ಇಲ್ಲದೆ ನೀವೇ ಗೆದ್ದಿದ್ದು."

ಕುರಲಾಯ್ ಕಣ್ಣು ತುಂಬಿಕೊಂಡು ಕಡಲಿನ ಕಡೆ ತಿರುಗಿದಳು. ತಾನು ಗೆಲ್ಲುತ್ತೇನೆಂದು ಅವಳಿಗೆ ಗೊತ್ತಿತ್ತು. ಆ ಗೆಲುವಿನತ್ತ ಯಾರೂ ಸಂಶಯದ ಬೆರಳು ತೋರಿಸದಂತೆ ಇವನು ಕಾಪಾಡಿದ್ದು ಮಾತ್ರ ಗೊತ್ತಿರಲಿಲ್ಲ.

ಮತ್ತೆ ಇತ್ತ ತಿರುಗಿದವಳೇ ಎರಡೂ ಕಿವಿಯ ಬೆಳ್ಳಿ ಓಲೆ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ತಗೋ, ನಿನ್ನ ಸುಯುಂಶಿ. ನನ್ನ ಕಿವಿ ಖಾಲಿ ಇದೆ ಅಂತ ನಿಮ್ಮಮ್ಮನಿಗೆ ಹೇಳು. ಅವರು ಬರುವಾಗ ಜೆಟ್ಟಿ ಯಾವುದು ಅಂತ ಸರಿಯಾಗಿ ತೋರಿಸು."