ದ್ಯಾವಯ್ಯನವರು ಬೇಡವೆಂದ ಡಿಸ್ಕು

೧೯೯೭ರಲ್ಲಿ ಅರಕೆರೆ ಕಡೆಯ ಒಂದು ಸಣ್ಣ ಕಬ್ಬು ಬೆಳೆಗಾರರ ಸಂಘಕ್ಕೆ ಸರ್ವರ್ ಆರಿಸಿಕೊಟ್ಟವನು ನಾನು. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಯಾರ ಗದ್ದೆಯಲ್ಲಿ ಯಾವಾಗ ನಾಟಿಯಾಯಿತು, ಯಾರ ಕಬ್ಬು ಮೊದಲು ಕಡಿಯಬೇಕು ಎಂಬುದೆಲ್ಲ ಹಳೆಯ ಗುಮಾಸ್ತ ದ್ಯಾವಯ್ಯನವರ ಪುಸ್ತಕಗಳಲ್ಲಿತ್ತು. ಊರೂರಲ್ಲೂ ಒಂದೊಂದು ನಕಲು ಇಟ್ಟಿದ್ದರು.

“ಒಂದೇ ದೊಡ್ಡ ಡಿಸ್ಕು ಬ್ಯಾಡ ಸಾ, ನಾಕು ಸಣ್ಣವು ತಕ್ಕಳಿ. ಬಿತ್ನೆ ರಾಗೀನೇ ನಾವು ಮೂರು ಮನೇಲಿ ಮಡಗ್ತೀವಿ,” ಎಂದರು ದ್ಯಾವಯ್ಯ, ಚಿಟಿಕೆ ನಸ್ಯ ಏರಿಸುತ್ತ.

ನಾನು ನಕ್ಕುಬಿಟ್ಟೆ. ಒಂದೇ ಡಿಸ್ಕು ತರಿಸಿ, ಎಲ್ಲವನ್ನೂ ಅದಕ್ಕೆ ತುಂಬಿಸಿ, ಪುಸ್ತಕಗಳನ್ನೂ ನಕಲುಗಳನ್ನೂ ಗುಜರಿಗೆ ಹಾಕಿಸಿದೆ. ಮುಂದಿನ ತಿಂಗಳು ದ್ಯಾವಯ್ಯ ತೀರಿಕೊಂಡರು.

ಆಮೇಲಿಂದ ಏಪ್ರಿಲ್ ಮಧ್ಯಾಹ್ನದಲ್ಲೂ ಸರ್ವರಿನ ಮೈ ನೀರಿನ ಮಡಕೆಯಂತೆ ತಣ್ಣಗಿರುತ್ತಿತ್ತು. ಡಿಸ್ಕು ತಿರುಗುವ ಸದ್ದಿನ ಬದಲು, ಯಾರೋ ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವುವ ಸದ್ದು ಕೇಳುತ್ತಿತ್ತು.

“ಇಲ್ಲಿ ನಸ್ಯ ಏರ್ಸೋರು ಯಾರೂ ಇಲ್ವಲ್ಲ ಸಾ, ವಾಸ್ನೆ ಎಲ್ಲಿಂದ?” ಎಂದಳು ಟೈಪು ಮಾಡುತ್ತಿದ್ದ ಸುನಿತಾ. ಕಡಿಯುವ ಪಟ್ಟಿಗಳು ಮಾತ್ರ ಎಂಟು ತಿಂಗಳೂ ಒಂದು ತಪ್ಪಿಲ್ಲದೆ ಅಚ್ಚಾಗಿ ಬಂದವು.

ಒಂದು ಬೆಳಿಗ್ಗೆ, ಬೇರೆಲ್ಲೂ ನಕಲಿಲ್ಲವೆಂದು ತಿಳಿದ ಸಂಘದ ಅಧ್ಯಕ್ಷರು ಕೇಳಿದರು: “ಒಂದೇ ಡಿಸ್ಕು ಸಾಕು ಅಂದೋರು ಯಾರು?”

“ದ್ಯಾವಯ್ಯನವರು,” ಎಂದೆ.

ಆ ಗಳಿಗೆಯಲ್ಲೇ ಹಾಳೆಯ ಸದ್ದು ನಿಂತಿತು. ನಸ್ಯದ ವಾಸನೆ ಹೋಯಿತು. ಪರದೆಯ ಮೇಲೆ ಒಂದು ಹೆಸರೂ ಉಳಿಯಲಿಲ್ಲ.

ಡಿಸ್ಕನ್ನು ಮೈಸೂರಿಗೆ ಒಯ್ದೆ. ರಿಪೇರಿಯವನು ಎರಡು ದಿನ ಪರೀಕ್ಷಿಸಿ ವಾಪಸು ಕೊಟ್ಟ.

“ಇದು ಕೆಟ್ಟಿಲ್ಲ ಸಾರ್. ಇದರಲ್ಲಿ ಇವತ್ತಿನವರೆಗೆ ಯಾರೂ ಒಂದಕ್ಷರ ಬರೆದೇ ಇಲ್ಲ.”

ಎಂಟು ತಿಂಗಳ ಪಟ್ಟಿಗಳ ಕಟ್ಟು ಆಗ ನನ್ನ ಕಂಕುಳಲ್ಲೇ ಇತ್ತು.