ಮಾಂತ್ರಿಕನ ಮರಳು, ದುಗ್ಗವ್ವನ ಭಟ್ಟಿ

ಬಹಳ ಹಿಂದೆ, ಏಳು ಕೋಟೆಗಳ ಆಚೆ, ಕೆಂಬಾರೆ ಎಂಬ ರಾಜ್ಯವಿತ್ತು. ಅಲ್ಲಿ ದುಗ್ಗವ್ವ ಬ್ರೆಡ್ಡು ಸುಡುತ್ತಿದ್ದಳು, ಅವಳ ಗಂಡ ಬೀರಯ್ಯ ಮಾರುತ್ತಿದ್ದ. ಒಂದು ಬೆಳಿಗ್ಗೆ ಮಾಂತ್ರಿಕ ಕಾಳಜಂಘ ಎಲ್ಲರನ್ನೂ ತಳ್ಳಿಕೊಂಡು ಅಂಗಡಿಯ ಮುಂದೆ ಬಂದು ನಿಂತ.

"ಸಾಲಿನಲ್ಲಿ ಬನ್ನಿ ಸ್ವಾಮಿ," ಎಂದ ಬೀರಯ್ಯ.

ಅಷ್ಟೇ. ಬೀರಯ್ಯ ಕಲ್ಲಾದ. ಸಾಲಿನಲ್ಲಿದ್ದ ಹನ್ನೊಂದು ಮಂದಿಯೂ ಕಲ್ಲಾದರು.

ದುಗ್ಗವ್ವ ಕಾಲಿಗೆ ಬಿದ್ದಳು. ಕಾಳಜಂಘ ನಿನ್ನೆ ಉಳಿದಿದ್ದ ಒಣ ಬ್ರೆಡ್ಡು ತೋರಿಸಿದ. "ಇದರಲ್ಲೇ ನನಗೆ ತಿಂಡಿ ಮಾಡು. ಹದವಾಗಿ ಬೆಂದರೆ ಇವರು ಏಳುತ್ತಾರೆ, ನನ್ನ ಮಂತ್ರ ನನ್ನನ್ನೇ ತಿನ್ನುತ್ತದೆ. ನಡುವೆ ಹಸಿಯಿದ್ದರೆ, ತಳ ಕರಕಾದರೆ, ನೀನೂ ಕಲ್ಲು. ಭಟ್ಟಿಯ ಬಾಗಿಲು ತೆಗೆಯುವುದು ಒಂದೇ ಸಲ." ಮರಳಿನ ಗಡಿಯಾರವೊಂದನ್ನು ಮಗುಚಿಟ್ಟ. "ಇದು ಇಳಿದು ಮುಗಿದಾಗ ಬೆಂದಿರುತ್ತದೆ."

ದುಗ್ಗವ್ವ ಮಣ್ಣಿನ ಪಾತ್ರೆಗೆ ಬೆಣ್ಣೆ ಸವರಿದಳು. ಬ್ರೆಡ್ಡು ಮುರಿದು ಹಾಕಿದಳು. ಎಂಟು ಮೊಟ್ಟೆ ಒಡೆದು ಹಾಲು, ಉಪ್ಪು, ಮೆಣಸು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಕದಡಿ ಮೇಲೆ ಸುರಿದಳು. ಬ್ರೆಡ್ಡು ಹೀರಿಕೊಂಡ ಮೇಲೆ ಭಟ್ಟಿಗಿಟ್ಟು ಅಗುಳಿ ಹಾಕಿದಳು.

ಸ್ವಲ್ಪ ಹೊತ್ತಿಗೆ ಕರಕಲು ವಾಸನೆ ಬಂತು.

"ಸೀದುಹೋಯಿತಲ್ಲ, ತೆಗೆಯುವುದಿಲ್ಲವೇ?" ಎಂದ ಕಾಳಜಂಘ.

ದುಗ್ಗವ್ವ ಹೊರಗೆ ಇಣುಕಿದಳು. ಹೊಗೆಗೂಡಿನ ಹೊಗೆ ಬೆಳ್ಳಗಿತ್ತು; ಸೀದಿದ್ದರೆ ಕಪ್ಪಾಗಿರುತ್ತಿತ್ತು. ತೆಗೆಯಲಿಲ್ಲ.

ಆಮೇಲೆ ಭಟ್ಟಿಯೊಳಗಿಂದ ಬೀರಯ್ಯನ ದನಿ. "ದುಗ್ಗೀ, ಸುಡ್ತಾ ಇದೀನಿ ಕಣೇ! ಬಾಗಿಲು ತೆಗಿಯೇ!"

ಅವಳ ಕೈ ಅಗುಳಿಗೆ ಹೋಯಿತು. ಇನ್ನೊಂದು ಕೈ ಚಾಚಿ ಪಕ್ಕದಲ್ಲೇ ನಿಂತಿದ್ದ ಗಂಡನ ಕಲ್ಲುಹೆಗಲನ್ನು ಮುಟ್ಟಿದಳು. ತಣ್ಣಗೆ, ಅಲ್ಲೇ ಇದ್ದ. ತೆಗೆಯಲಿಲ್ಲ.

ಮೂರನೆಯ ಸಲ ದನಿಯಿಲ್ಲ, ವಾಸನೆಯಿಲ್ಲ. ಗಡಿಯಾರದಲ್ಲಿ ಒಂದು ಚಿಟಿಕೆ ಮರಳು ಉಳಿದಿತ್ತು. ಉಳಿದೇ ಇತ್ತು. ದುಗ್ಗವ್ವ ನೋಡಿದಳು, ಮತ್ತೆ ನೋಡಿದಳು. ಮರಳು ನಿಂತುಬಿಟ್ಟಿತ್ತು.

"ಇನ್ನೂ ಮುಗಿದಿಲ್ಲವಲ್ಲ," ಎಂದು ಕಾಳಜಂಘ ಉಗುರು ನೋಡಿಕೊಂಡ.

ದುಗ್ಗವ್ವ ಅಗುಳಿಯ ಮೇಲೆ ಕೈಯಿಟ್ಟಳು. ಈಗ ತೆಗೆದು ಹಸಿಯಿದ್ದರೆ? ಕಾದು ಕರಕಾದರೆ? ಬಿಸಿ ಬಾಗಿಲ ಹತ್ತಿರ ಕಿವಿ ಒಡ್ಡಿದಳು. ಮೊದಲು ಒಳಗೆ ಗುಳುಗುಳು ಕುದಿಯುತ್ತಿತ್ತು; ಈಗ ಆ ಸದ್ದಿಲ್ಲ. ಅಂಚಿನಲ್ಲಿ ಬೆಣ್ಣೆ ಮಾತ್ರ ಸಣ್ಣಗೆ ಚಿರ್ ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷ ಕೇಳಿದ, ಬೆಂದದ್ದರ ಸದ್ದು.

"ಮರಳು ನಿಮ್ಮದು ಸ್ವಾಮಿ. ಭಟ್ಟಿ ನನ್ನದು," ಎಂದು ಅಗುಳಿ ಎಳೆದಳು.

ತಿಂಡಿ ಹೊಂಬಣ್ಣಕ್ಕೆ ಉಬ್ಬಿತ್ತು. ನಡುವೆ ಚುಚ್ಚಿದ ಚಾಕುವಿಗೆ ಏನೂ ಅಂಟಲಿಲ್ಲ. ಕಾಳಜಂಘ ತಳ ಎತ್ತಿ ನೋಡಿದ: ಕೆಂಪು, ಕಪ್ಪಲ್ಲ. ಒಂದು ತುತ್ತು ತಿಂದ, ಎರಡು ತಿಂದ. "ಹಸಿ..." ಎಂದು ಸುಳ್ಳಾಡಲು ಬಾಯಿ ತೆರೆದ. ಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು, ತೆರೆದ ಬಾಯಿಯೂ ಕಲ್ಲಾಯಿತು.

ಹನ್ನೆರಡು ಮಂದಿ ಮೈಮುರಿದು ಎದ್ದರು. ಬೀರಯ್ಯ ಪಾತ್ರೆಯಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡ.

"ಉಪ್ಪು ಒಂಚೂರು ಕಮ್ಮಿ ಆಯ್ತಲ್ಲೇ?"

"ಸುಮ್ನೆ ತಿನ್ರೀ," ಎಂದು ದುಗ್ಗವ್ವ ಅಳು ತಡೆಯಲಾರದೆ ಅವನ ಹೆಗಲಿಗೆ ಹಣೆ ಆನಿಸಿದಳು. ಹೆಗಲು ಬೆಚ್ಚಗಿತ್ತು.

ಆಮೇಲೆ ಕೆಂಬಾರೆಯಲ್ಲಿ ಯಾರೂ ಕಲ್ಲಾಗಲಿಲ್ಲ. ಎಲ್ಲರೂ ಹೊಟ್ಟೆತುಂಬ ತಿಂದು, ಕಣ್ತುಂಬ ನಿದ್ದೆಮಾಡಿ, ಬಹುಕಾಲ ಬಾಳಿದರು.