ಸತ್ತ ರಾಜರ ಕೌದಿ

ಸಾವಿರ ಸಲ ಚುಚ್ಚಿಸಿಕೊಂಡರೂ ಅಳುವುದಿಲ್ಲ, ಒಳಗೆ ರಾಜರಿದ್ದರೂ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಏನದು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರುವುದಿಲ್ಲ. ಗರಿಗನೂರಿನವರಿಗೆ ಮಾತ್ರ ಬರುತ್ತಿತ್ತು.

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೆ ಹಲ್ಲು ಬರುವ ಮುಂಚೆ, ಗರಿಗನೂರು ಅಂತ ಒಂದು ರಾಜ್ಯ. ಅಲ್ಲಿ ರಾಜ ಸತ್ತರೆ ಅವನ ರುಮಾಲು ಹರಿದು ಮನೆಗೊಂದು ಚೂರು ಹಂಚುತ್ತಿದ್ದರು. ಹೆಂಗಸರು ಅದನ್ನು ಕೌದಿಗೆ ಸೇರಿಸಿ ಹೊಲಿಯುತ್ತಿದ್ದರು. ಒಳ್ಳೆಯವನ ಚೂರು ಬೆಚ್ಚಗಿರುತ್ತಿತ್ತು. ಕೆಟ್ಟವನ ಚೂರು ಮಾತಾಡುತ್ತಿತ್ತು, ಪಾಪ, ನಾಚಿಕೆಗೆ.

ಆಗಿನ ರಾಜ ಉಗ್ರಮಲ್ಲ ಮಾಯಾವಿ. ಒಂದು ದಿನ ಡಂಗುರ ಸಾರಿಸಿದ: "ಗಡಿಗೆ ರಾಕ್ಷಸ ಬಂದಿದ್ದಾನೆ. ಡೊಳ್ಳು ತಂದೊಪ್ಪಿಸಿ, ಸುಮ್ಮನಿರಿ."

ಡೊಳ್ಳಿನ ಬೀರಣ್ಣ ಕೇಳಿದ, "ರಾಕ್ಷಸನ್ನ ನೋಡಿದೋರು ಯಾರು ಸ್ವಾಮಿ?"

ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಗುಬ್ಬಿಯಾದ. ರಾಜ ಪಂಜರಕ್ಕೆ ಹಾಕಿ ಅರಮನೆ ಅಂಗಳದಲ್ಲಿ ತೂಗುಬಿಟ್ಟ.

ಬೀರಣ್ಣನ ಮಗಳು ಸಂಕವ್ವ ಕೌದಿಯೊಳಗೆ ಮುಖ ಹುದುಗಿಸಿ ಅತ್ತಳು. ಕೆಂಪು ಚೂರು ಮೆಲ್ಲಗೆ ಅಂದಿತು, "ನಾನೂ ಡೊಳ್ಳಿಂದಲೇ ಶುರು ಮಾಡಿದ್ದೆ ಕಣವ್ವ. ಮುಂದೆ ಪಕ್ಕದ ಮನೆ ಮಾತು ಕದ್ದು ಕೇಳಿ ಅಂತಾನೆ."

ಮರುವಾರ ರಾಜ ಹಾಗೇ ಅಂದ. ಪಕ್ಕದ ಮನೆಯವಳು ಬೆಲ್ಲ ಕೇಳಲು ಬರುವುದನ್ನೂ ಬಿಟ್ಟಳು.

ನೀಲಿ ಚೂರು ಅಂದಿತು, "ನಾನೂ ಅಂದಿದ್ದೆ. ಮುಂದೆ ಕೌದಿ ಸುಡಿಸ್ತಾನೆ. ಅವನ ಮಂತ್ರ ಬೆರಗಾದವರಿಗಷ್ಟೇ ತಾಗೋದು. ನಾವು ಮೊದಲೇ ಬಾಯಿ ಬಿಟ್ಟರೆ ಅದು ಹಳಸಲು."

ಮೂರನೇ ವಾರ ಅಂಗಳದಲ್ಲಿ ಬೆಂಕಿ ಎದ್ದಿತು. ಎಲ್ಲರೂ ಕೌದಿ ಹೊತ್ತು ಸಾಲಾಗಿ ನಿಂತರು. ಸಂಕವ್ವ ಮುಂದೆ ಹೋಗಿ ತನ್ನದನ್ನು ಬಿಚ್ಚಿ ಹಾಸಿದಳು. ರಾಜ ಮಂತ್ರದಂಡ ಎತ್ತಿದ.

ಹಳದಿ ಚೂರು ಗಟ್ಟಿಯಾಗಿ ಅಂದಿತು, "ಈಗ 'ನಾನಿಲ್ಲದಿದ್ದರೆ ನಿಮಗ್ಯಾರು ಗತಿ' ಅಂತಾನೆ, ನೋಡಿ."

"ನಾನಿಲ್ಲದಿದ್ದರೆ ನಿಮಗ್ಯಾರು..." ಅಂದು ರಾಜ ತಡವರಿಸಿದ.

"ಅಯ್ಯ, ಇದು ನಮ್ಮಜ್ಜಿ ಕಾಲದ್ದೇ ಕಣ್ರೇ," ಅಂತ ಒಬ್ಬ ಮುದುಕಿ ಆಕಳಿಸಿದಳು. ಆಕಳಿಕೆ ಅಂಟುಜಾಡ್ಯ ನೋಡಿ, ಸಾಲಿಗೆ ಸಾಲೇ ಆಕಳಿಸಿತು. ಮಂತ್ರದಂಡ ಬೆಂದ ನುಗ್ಗೆಕಾಯಿಯಂತೆ ಜೋತುಬಿತ್ತು. ಪಂಜರ ತೆರೆಯಿತು. ಗುಬ್ಬಿ ಹಾರಿ ಬಂದು ಸಂಕವ್ವನ ತಲೆ ಮೇಲೆ ಕೂತು, ಅಲ್ಲೇ ಮನುಷ್ಯನಾಯಿತು. ಇಬ್ಬರೂ ದೊಪ್ಪನೆ ಬಿದ್ದರು.

"ಅಪ್ಪ, ಭಾರ."

"ತಾಳವ್ವ, ಹಾರೋಕೆ ನೋಡ್ತಿದೀನಿ, ಆಗ್ತಿಲ್ಲ."

ಉಗ್ರಮಲ್ಲ ಊರು ಬಿಟ್ಟ. ಉಳಿದವರೆಲ್ಲ ಸುಖವಾಗಿದ್ದರು.

ನಿಜ ಹೇಳಲಾ? ಆಕಳಿಕೆಯಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು. ನನಗೆ ಈ ಕತೆ ಹೇಳಿದವರು, ಸಂಕವ್ವ ಅಂಗೈಯಲ್ಲಿ ನುಚ್ಚು ಹಿಡಿದು ಪಂಜರದ ಕೆಳಗೆ ಇನ್ನೂ ನಿಂತಿದ್ದಾಳೆ ಅಂದು ಎದ್ದು ಹೋದರು. ಅವಳನ್ನು ಹಾಗೇ ನಿಲ್ಲಿಸಿ ಬರಲು ನನಗೆ ಆಗಲಿಲ್ಲ.